ಎಮ್ಮಿ ಬಾಯಾಗಿನ ದನಿ

ಬೊಂಬಿ ನೋಡಿ ಅಳೋರನ್ನ ನಾನು ಮೊದಲ ಸಲ ನೋಡಿದ್ದು ನಮ್ಮ ಮನ್ಯಾಗನ. ಐತಾರ ಮಧ್ಯಾಹ್ನ, ಅಂಗಡಿ ಶಟರ್ ಅರ್ಧ ಇಳಿಸಿ ಊಟಕ್ಕ ಬಂದಿದ್ದೆ. ಹತ್ತನೇ ಕ್ಲಾಸು ಓದೋ ನನ್ನ ಮಗಳು ಗ್ವಾಡಿಗೆ ಬೆನ್ನು ಹಚ್ಚಿ, ಮೊಬೈಲು ಮೊಣಕಾಲ ಮ್ಯಾಲ ನಿಲ್ಲಿಸಿಕೊಂಡು, ದುಪಟ್ಟಾದಾಗ ಮೂಗು ಒರಸಿಕೊಂತ ಕುಂತಿದ್ಳು. ಯಾರಿಗೆ ಏನಾತಪ್ಪ ಅಂತ ಗಾಬರಿ ಬಿದ್ದು ಬಗ್ಗಿ ನೋಡಿದ್ರ, ಬೊಗಸಿಗಣ್ಣಿನ ಒಂದು ಬೊಂಬಿ ಹುಡುಗ ದೋಣಿ ಹುಟ್ಟು ಹಾಕ್ಕೊಂತ ಅಳಾಕತ್ತಿದ್ದ.

"ಇದಕ್ಕ ಅಳ್ತೀಯೇನವಾ? ಬೊಂಬಿ ಅದು!"

"ಬೊಂಬಿ ಅಲ್ಲಪ್ಪಾ, ಅನಿಮೇಶನ್ನು. ಸುಮ್ಕ ಕುಂದ್ರು, ಮೊದಲಿಂದ ಹಚ್ತೀನಿ."

ನಾನು ಆದೋನಿಯೊಳಗ ಗಂಡಸರ ಬಟ್ಟಿ ಹೊಲಿಯೋ ಟೇಲರು. ದಿನಾ ಪೂರ್ತಿ ಮಂದಿ ಹೊಟ್ಟಿ ಸುತ್ತ ಟೇಪು ಹಿಡಿಯೋನು. ಟೇಪು ಬಂದ ಕೂಡ್ಲೇ ಉಸಿರು ಒಳಗ ಎಳಕೊಳ್ಳದ ಗಂಡಸನ್ನ ನಾನಿನ್ನೂ ನೋಡಿಲ್ಲ. "ಉಸಿರು ಬಿಡ್ರಿ ಸಾಹೇಬ್ರ, ಪ್ಯಾಂಟು ನೀವ ಹಾಕ್ಕೊಳ್ಳೋದು" ಅಂತ ಬೈದು ಬೈದು ನನಗ ಸಿಟ್ಟಿನ ಟೇಲರು ಅಂತನ ಹೆಸರು ಬಿದ್ದೈತಿ. ಇಂಥವನಿಗೆ ಬೊಂಬಿ ಸಿನಿಮಾದಾಗ ಏನು ಇರ್ತೈತಿ? ಆದ್ರ ಹಾಳು ಕುತೂಹಲ. ಅನ್ನದ ತಾಟು ಕೈಯಾಗ ಹಿಡಕೊಂಡ ಕುಂತೆ.

ಕಥಿ ಏನಂದ್ರ, ಸಮುದ್ರದ ಕಡೆ ಒಂದು ಊರು. ಅಲ್ಲಿ ಸಾಲ್ಯಾಗ ಒಬ್ಬ ಹುಡುಗನಿಗೆ ಅರ್ಧ ಕೆನ್ನಿ ತುಂಬ ಕಪ್ಪು ಮಚ್ಚಿ. ಇನ್ನೊಬ್ಬ ಅದನ್ನ ನೋಡಿ "ಇದು ಯಾವ ದೇಶದ ನಕ್ಷೆಪ್ಪಾ?" ಅಂತಾನ. ಕ್ಲಾಸಿಗೆ ಕ್ಲಾಸ ನಕ್ಷೆ, ನಕ್ಷೆ ಅಂತ ಶುರು ಮಾಡತೈತಿ. ಮಚ್ಚಿ ಹುಡುಗ ಸಾಲಿ ಬಿಡ್ತಾನ. ದೊಡ್ಡವರಾದ ಮ್ಯಾಲ, ಹೆಸರು ಇಟ್ಟವನು ದೋಣಿ ನಡಸ್ತಿರ್ತಾನ. ಅದೇ ದೋಣಿಗೆ ದಿನಾ ಒಬ್ಬ ಮುಖಕ್ಕ ಬಟ್ಟಿ ಕಟ್ಟಿಕೊಂಡು ಬರ್ತಾನ. ಯಾರಂತ ದೋಣಿಯವನಿಗೆ ಗೊತ್ತಾಗತೈತಿ, ಬಾಯಿ ಮಾತ್ರ ಏಳಂಗಿಲ್ಲ. ಸಿನಿಮಾ ಪೂರ್ತಿ ಬರೇ ಹುಟ್ಟು ಹಾಕ್ತಾನ, ಅಳ್ತಾನ, ಹುಟ್ಟು ಹಾಕ್ತಾನ. ಕಡೀಕ ಒಂದಿನ ನಡು ನೀರಾಗ ದೋಣಿ ನಿಲ್ಲಿಸಿ ತಪ್ಪಾತು ಅಂತಾನ. ಬಟ್ಟಿ ಕಟ್ಟಿದವನು ಏನಂದ ಗೊತ್ತೇನು? "ಹುಟ್ಟು ಹಾಕು, ನನಗ ಹೊತ್ತಾಗತೈತಿ." ಮರುದಿನ ಬಟ್ಟಿ ಇಲ್ಲದ ಮುಖದಾಗ ಬಂದು ದೋಣಿ ಹತ್ತತಾನ. ಮುಗೀತು.

ಆ ಒಂದು ಮಾತು ನನಗ ಹಿಡಿಸ್ತು. ಉಳಿದದ್ದಕ್ಕ ಮೈ ಉರೀತು.

"ಇದೆಂಥ ನ್ಯಾಯ?" ಅಂದೆ. "ಕಾಡಿದವನ ಅಳೂದನ್ನ ಇಷ್ಟೊತ್ತು ತೋರಿಸಿದ್ರು. ಕಾಡಿಸಿಕೊಂಡವನ ಮನ್ಯಾಗ ಏನು ನಡೀತು? ಅವನು ಮುಖಕ್ಕ ಬಟ್ಟಿ ಯಾವಾಗ ಕಟ್ಟಿಕೊಂಡ? ಆ ಬಟ್ಟಿ ಅಂಚು ಹೊಲಿದು ಕೊಟ್ಟೋರು ಯಾರು, ಅವರವ್ವಾ? ಅದನ್ನ ತೋರಿಸಬಾರ್ದಾ?"

ಮಗಳು ನನ್ನ ಮುಖಾನ ನೋಡಾಕತ್ತಿದ್ಳು. "ನಿನಗ ಸಾಲ್ಯಾಗ ಯಾರಾರ ಕಾಡಿದ್ರೇನಪ್ಪಾ?"

ನನ್ನ ಕೈ ತಾನಾಗೇ ಮೂಗಿಗೆ ಹೋತು. ನನ್ನ ಬಲಗಡೆ ಮೂಗಿಗೆ ಒಂದು ತೂತು ಐತಿ. ಹಳೇ ಮಂದಿ ಮೂಗು ಹಂಗ ಇರ್ತೈತಿ ಅಂತ ಆಕಿ ತಿಳಕೊಂಡಿದ್ಳಂತ, ನೋಡ್ರಿ ಈಗಿನ ಹುಡುಗರನ್ನ.

ಕೌತಾಳಂ ಕಡೆ ನಮ್ಮ ಊರು. ನನಕಿಂತ ಮುಂಚೆ ಹುಟ್ಟಿದ ಕೂಸುಗಳು ನಮ್ಮವ್ವಗ ನಿಂದ್ರಲಿಲ್ಲ. ನಾನು ಹುಟ್ಟಿದಾಗ ಹಿರೇ ಹೆಣಮಕ್ಕಳು, ಇದನ್ನಾರ ಉಳಿಸಿಕೊಳ್ಳೂಣು ಅಂತ ನನ್ನ ಮೊರದಾಗ ಮಲಗಿಸಿ, ತಿಪ್ಪಿ ಮ್ಯಾಲ ಇಟ್ಟು, ಬಾಜೂ ಮನಿ ಅವ್ವಗ ಒಂದು ಬೊಗಸಿ ತೌಡಿಗೆ ಮಾರಿದ್ರು. ಸಾವು ಬಂದು ಹುಡುಕಿದ್ರ ಈ ಮನ್ಯಾಗ ಕೂಸ ಇಲ್ಲ, ಮಾರಿ ಆಗೈತಿ ಅನ್ನೂದು ಅದರ ಲೆಕ್ಕ. ಮ್ಯಾಲ ಮೂಗು ಚುಚ್ಚಿ ರಿಂಗು ಹಾಕಿದ್ರು, ಗಂಡೋ ಹೆಣ್ಣೋ ಅಂತ ಅದಕ್ಕ ತಿಳೀಬಾರ್ದು ಅಂತ. ಕೊಂಡ ಅವ್ವ "ಇದು ನನ್ನ ಮಗ, ನೀನು ಬರೇ ಸಾಕು" ಅಂತ ನಮ್ಮವ್ವನ ಉಡ್ಯಾಗ ತಿರುಗಿ ಹಾಕಿದ್ಳು. ನಮ್ಮ ಕಡೆ ಇದೇನು ದೊಡ್ಡ ಸುದ್ದಿ ಅಲ್ಲ. ಊರಾಗ ನನ್ನಂಥವರು ಇನ್ನೂ ಇದ್ರು.

ಆ ಅವ್ವನ್ನ ನಾನು ತೌಡಿನವ್ವ ಅಂತ ಕರೀತಿದ್ದೆ. ಆಕಿ ಕೊಂಡದ್ದನ್ನ ಆಟ ಅಂತ ತಿಳೀಲೇ ಇಲ್ಲ. ಹಬ್ಬದಾಗ ಮೊದಲ ಹೋಳಿಗಿ ನನಗ. ಓಣ್ಯಾಗ ನಿಂತು "ನನ್ನ ಮಗ ಎಲ್ಲಿ?" ಅಂತ ಕೂಗಿದ್ರ ನಾನು ಓಡಬೇಕು. ಆಕಿ ಹೊಟ್ಟ್ಯಾಗ ಹುಟ್ಟಿದ ಮಗನೂ ಒಬ್ಬ ಇದ್ದ, ನನಕಿಂತ ಸ್ವಲ್ಪ ದೊಡ್ಡವನು, ನಾನು ಅಣ್ಣ ಅಂತಿದ್ದೆ. ಸಾಲ್ಯಾಗ ನನಗ "ತೌಡು" ಅಂತ ಹೆಸರಿಟ್ಟವನು ಅವನ. ಏ ತೌಡು, ನಿಮ್ಮವ್ವ ನಿನ್ನ ಎಷ್ಟಕ್ಕ ಕೊಟ್ಳೋ? ಏ ತೌಡು, ಎಮ್ಮಿ ಬಂತು ಓಡು, ತಿಂದು ಹಾಕೀತು! ನನ್ನ ಚೀಲದಾಗ ತೌಡು ತುಂಬೂದು, ತಲಿ ಮ್ಯಾಲ ಉದುರಿಸೂದು. ಒಂದಿನ ರಿಂಗು ಹಿಡದು ಜಗ್ಗಿದ. ಅಂಗಿ ಮುಂದ ಎಲ್ಲಾ ರಕ್ತ.

"ನೀನೇನು ಮಾಡಿದಿ?" ಅಂದ್ಳು ಮಗಳು.

"ನಕ್ಕೆ."

"ನಕ್ಕಿಯಾ?"

"ಮತ್ತೇನು ಮಾಡ್ಲಿ? ಅವರು ನಗೂಕಿಂತ ಮೊದಲ ನಾನ ನಕ್ಕುಬಿಟ್ರ ಅರ್ಧ ಕಮ್ಮಿ ಆಗ್ತಿತ್ತು."

ಆಕಿ ದುಪಟ್ಟಾ ಅಂಚು ಬೆರಳಿಗೆ ಸುತ್ತಿಕೊಂಡ್ಳು. ಆಮ್ಯಾಲ ಮೆಲ್ಲಕ, "ಅವನು ಬಂದು ಸಾರಿ ಅಂದಿದ್ರ ನಿನಗೇನು ಅನಸ್ತಿತ್ತು?" ಅಂದ್ಳು. ನನಗ ಆವಾಗ ವಾಸನಿ ಬಡೀತು. ಬೊಂಬಿ ಹುಡುಗನ ಸಲುವಾಗಿ ಯಾರಾರ ಇಷ್ಟು ಅಳ್ತಾರಾ?

"ಖರೇ ಹೇಳು, ಏನು ಮಾಡೀದಿ?"

ಮೊಬೈಲು ತಿರುಗಿಸಿ ತೋರಿಸಿದ್ಳು. ನನ್ನ ಮಗಳಿಗೆ ಚಿತ್ರದ ಹುಚ್ಚು. ಮೊಬೈಲಿನಾಗನ ಬೆರಳಲೆ ಬರದು, ಬರದದ್ದನ್ನ ನಡೆಸಿ, ಕುಣಿಸಿ ಸಣ್ಣ ಸಣ್ಣ ಬೊಂಬಿ ಆಟ ಮಾಡ್ತಾಳ. ಇದರಾಗ ಒಂದು ಎಮ್ಮಿ ಬೆಂಚಿನ ಮ್ಯಾಲ ಕುಂತು, ಚಸ್ಮಾ ಏರಿಸಿಕೊಂಡು ತೆಲುಗು ಪಾಠ ಓದ್ತಿತ್ತು. ದನಿ ಮಾತ್ರ ಎಮ್ಮೀದಲ್ಲ, ಒಬ್ಬ ಹುಡುಗೀದು. ದಪ್ಪ ದನಿ, ಖಾಲಿ ಕೊಡದಾಗ ಬಾಯಿ ಇಟ್ಟು ಮಾತಾಡಿದಂಗ. ಏನು ಹೇಳ್ಲಿ, ನನಗೂ ನಗು ಬಂತು. ನಕ್ಕದ್ದು ತಿಳಿದು ಮೊಬೈಲು ಬೋರಲ ಇಟ್ಟೆ.

ಆಕಿ ಕ್ಲಾಸಿನ ಹುಡುಗಿ ಅಂತ. ದನಿ ಗಂಡಸರ ಹಂಗ ಐತಿ ಅಂತ ಮೊದಲಿಂದ ಎಲ್ಲಾರೂ ಆಡಿಕೊಂತಿದ್ರಂತ. ನನ್ನ ಮಗಳು ಆಕಿ ಪಾಠ ಓದೂದನ್ನ ಕದ್ದು ರೆಕಾರ್ಡು ಮಾಡಿ, ಎಮ್ಮಿ ಬಾಯಾಗಿಟ್ಟು, ಕ್ಲಾಸಿನ ಗ್ರೂಪಿಗೆ ಬಿಟ್ಟಾಳ. ಅಲ್ಲಿಂದ ಅದು ಬ್ಯಾರೆ ಸೆಕ್ಷನ್ನಿಗೆ, ಬ್ಯಾರೆ ಸಾಲಿಗೆ. ಹುಡುಗಿ ಈಗ ಸಾಲಿಗೆ ಬರೂದ ಬಿಟ್ಟೈತಿ. ಹತ್ತನೇ ಕ್ಲಾಸು, ಪರೀಕ್ಷಿ ತಲಿ ಮ್ಯಾಲ ಬಂದು ಕುಂತೈತಿ. ಬರಲಿಲ್ಲಂದ್ರ ಆಕಿ ಓದು ಅಲ್ಲಿಗೆ ನಿಂತಂಗ.

"ಎಲಾ ಇದರ! ನನ್ನ ಹೊಟ್ಟ್ಯಾಗ ಹುಟ್ಟಿ..." ಅಂತ ಎದ್ದು ನಿಂತೆ. ಅನ್ನ ಸಾರು ಎಲ್ಲಾ ನೆಲದ ಪಾಲಾತು.

"ಮೊದಲ ದಿನ ಆಕಿನೂ ನಮ್ಮ ಕೂಡ ನಕ್ಳಪ್ಪಾ!" ಅಂತ ಅಳಾಕತ್ತಿದ್ಳು. "ಎಮ್ಮಿ ಭಾಳ ಚಂದ ಐತಿ ಅಂದ್ಳು. ದೇವರಾಣೆ. ನಾನು ಎಲ್ಲಾ ಅಳಿಸಿಬಿಟ್ಟೀನಿ, ನನ್ನ ಮೊಬೈಲಿನಾಗ ಇದೊಂದ ಉಳದೈತಿ. ಆಕಿ ಮನಿಗೆ ಹೋಗ್ತೀನಿ. ಆದ್ರ ಹೋಗಿ ಏನನ್ನಲಿ? ನಿನಗ ಗೊತ್ತಿರ್ತೈತಲ್ಲ, ನೀನ ಹೇಳು."

ನನಗ ಗೊತ್ತಿರಲಿಲ್ಲ. ಅದ ಮಜಾ ನೋಡ್ರಿ. ಪೆಟ್ಟು ತಿಂದವನು ನಾನ, ಏನು ಅಂದಿದ್ರ ನನಗ ಸಾಕಾಗ್ತಿತ್ತು ಅಂತ ಕೇಳಿದ್ರ ಬಾಯಿ ಕಟ್ಟಿದಂಗಾತು. ಅದರ ಹಿಂದ ಇನ್ನೊಂದು ಹುಳ ತಲಿ ಹೊಕ್ಕಿತು. ಕಾಡಿದವನ ತಲ್ಯಾಗ ಆವಾಗ ಏನಿತ್ತು? ಬೊಂಬಿ ಸಿನಿಮಾದಾಗ ಅವನು ಬರೇ ಅಳೂದು ಕಂಡಿತು, ಯಾಕ ಕಾಡಿದ ಅನ್ನೂದು ಕಾಣಲಿಲ್ಲ. ನನ್ನವನು ಊರಾಗ ಜೀವಂತ ಅದಾನ. ಹೋಗಿ ಕೇಳಿದ್ರ ಆತಲ್ಲ? ಇಷ್ಟು ವರ್ಷ ಇದ್ಯಾಕ ಹೊಳೀಲಿಲ್ಲ ನನಗ?

ಮರುದಿನ ಅಂಗಡಿ ಬಂದ್ ಮಾಡಿ ಕೌತಾಳಂ ಬಸ್ಸು ಹತ್ತಿದೆ.

ಅವನಿಗೆ ಊರಾಗ ಹಿಟ್ಟಿನ ಗಿರಣಿ ಐತಿ. ಮೀಸಿ, ಹುಬ್ಬು, ಕಿವ್ಯಾಗಿನ ಕೂದಲ ಸೈತ ಬಿಳೀ ಹಿಟ್ಟು. ನನ್ನ ನೋಡಿದವನ "ಏ ತೌಡು! ಬಾರಲೇ!" ಅಂದ. ಇವತ್ತಿಗೂ ಅದ ಹೆಸರು. ಅನ್ನೂದು ಅವನಿಗೇ ಗೊತ್ತಾಗಂಗಿಲ್ಲ. ಒಳಗ ಕೋಣಿಯಿಂದ ತೌಡಿನವ್ವನ ದನಿ ಬಂತು. ಆಕಿಗೆ ಈಗ ಕಣ್ಣು ಸರಿಯಾಗಿ ಕಾಣಂಗಿಲ್ಲ, ಕಿವಿ ಮಾತ್ರ ಚುರುಕು.

"ನನ್ನ ಮಗ ಬಂದ್ನೇನು?"

ಆವಾಗ ನಾನು ಅವನ ಮುಖ ನೋಡಿದೆ. ಮೊದಲು ಎಂದೂ ನೋಡಿರಲಿಲ್ಲ. ತಲಿ ನರತ ಗಂಡಸು, ಅವ್ವ ಹಂಗ ಅಂದಾಕ್ಷಣ ತುಟಿ ಬಿಗಿ ಹಿಡದು ಆ ಕಡೆ ತಿರುಗಿ ಜ್ವಾಳ ಸುರಿಯಾಕತ್ತಿದ. ಏನೋ ಐತಿ ಇಲ್ಲಿ ಅನಸ್ತು.

ಗಿರಣಿ ಸಪ್ಪಳಕ್ಕ ಒದರಿ ಮಾತಾಡಬೇಕು. ಇಬ್ಬರು ಹೆಣಮಕ್ಕಳು ಬೀಸಾಕ ಕೊಟ್ಟು ಕುಂತಿದ್ರು. ನಾಚಿಕಿ ಬಿಟ್ಟು ಒದರಿದೆ, "ಸಾಲ್ಯಾಗ ನನ್ನ ಯಾಕ ಹಂಗ ಕಾಡ್ತಿದ್ದಿ?"

"ಏನು?"

"ರಿಂಗು ಜಗ್ಗಿದಿ! ರಕ್ತ ಬಂತು! ಯಾಕ?"

"ಈಗ್ಯಾಕಲೇ ಅದೆಲ್ಲ?"

"ಜಗಳಕ್ಕ ಬಂದಿಲ್ಲ! ತಿಳಕೊಳ್ಳಾಕ ಬಂದೀನಿ!"

ಅವನು ಗಿರಣಿಗೆ ಇನ್ನೊಂದು ಪುಟ್ಟಿ ಜ್ವಾಳ ಸುರುವಿದ. ಬೆಲ್ಟು ನೋಡಿದ. ಹಿಟ್ಟಿನಾಗ ಕೈ ಆಡಿಸಿ ನುಣ್ಣಗ ಬಂತೋ ಇಲ್ಲೋ ನೋಡಿದ. ಆಮ್ಯಾಲ ನನ್ನ ಕಡೆ ನೋಡದ ಒದರಿದ, "ಅಪ್ಪ ಸಂತಿಯಿಂದ ಹೊಸಾ ಟಗರು ತಂದ್ರ ಹಳೇದನ್ನ ಮಾರಿ ಬರ್ತಿದ್ದ! ನಮ್ಮವ್ವ ನಿನ್ನ ಕೊಂಡಿದ್ಳು! ಮೊದಲ ಹೋಳಿಗಿ ನಿನಗ ಕೊಡ್ತಿದ್ಳು! ಆಕಿ ನನ್ನ..."

ಕರೆಂಟು ಹೋತು. ಗಿರಣಿ ನಿಂತುಬಿಡ್ತು. ಅವನ ದನಿ ಮಾತ್ರ ನಿಲ್ಲಲಿಲ್ಲ.

"...ನನ್ನ ಮಾರ್ತಾಳಂತ ತಿಳಕೊಂಡಿದ್ದೆ!"

ಆ ಮಾತು ಇಡೀ ಗಿರಣ್ಯಾಗ ನಿಂತಿತು. ಹೆಣಮಕ್ಕಳು ಸೆರಗು ಬಾಯಿಗೆ ಹಿಡಕೊಂಡ್ರು. ಒಳಗ ಕೋಣ್ಯಾಗ ಏನೂ ಸಪ್ಪಳಿಲ್ಲ. ಸಾವಿಗೆ ಮಂಕುಬೂದಿ ಎರಚಾಕ ಹೋಗಿ ಹಿರೇರು ಒಂದು ಕೂಸಿನ ಕಣ್ಣಿಗೆ ಎರಚಿದ್ರು. ಅದು ಬರೇ ಆಟ ಅಂತ ಅವನಿಗೆ ಯಾರೂ ಹೇಳೇ ಇಲ್ಲ. ನನಗೂ ಯಾರೂ ಹೇಳಿರಲಿಲ್ಲ ಬಿಡ್ರಿ, ಆದ್ರ ನನಗ ಇಬ್ಬರು ಅವ್ವಂದಿರಾದ್ರು. ಅವನಿಗೆ ಇದ್ದದ್ದೂ ಅರ್ಧ ಆತು.

"ದೊಡ್ಡವನಾದ ಮ್ಯಾಲ ತಿಳೀತಲ್ಲ? ಒಂದು ಮಾತು ಅನ್ನಬಾರದಿತ್ತಾ?" ಅಂದೆ. ಈಗ ಒದರೋ ಕೆಲಸ ಇರಲಿಲ್ಲ.

"ಅನ್ನಬೇಕಂತ ಇದ್ದೆ. ಉರುಕುಂದ ಜಾತ್ರಿಗೆ ಲಾರ್‍ಯಾಗ ಹೋಗ್ವಾಗ ಅದಕ್ಕಂತನ ನಿನ್ನ ಬಾಜೂಕ ಬಂದು ಕುಂತೆ. ನೀನು ತೌಡಿನ ಕಥಿ ಹೇಳಿ ಎಲ್ಲಾರನ್ನ ಹೊಟ್ಟಿ ಹುಣ್ಣಾಗುವಂಗ ನಗಸಾಕತ್ತಿದ್ದಿ. ರಿಂಗಿನ ಕಥೀನೂ ಹೇಳಿದಿ. ನಾನು ಜಗ್ಗಿದ್ದು ಹೆಂಗ ಅಂತ ಮಾಡಿ ತೋರಿಸಿದಿ. ಇವನಿಗೆ ಏನೂ ಹತ್ತಿಲ್ಲ ಅನಕೊಂಡೆ. ನಗೋನ ಮುಂದ ಹೋಗಿ ತಪ್ಪಾತು ಅಂತ ಹೆಂಗ ಅನ್ಲಿ?"

ನನ್ನ ಎದಿ ಮ್ಯಾಲ ಯಾರೋ ಇಸ್ತ್ರಿ ಪೆಟಿಗಿ ಇಟ್ಟಂಗಾತು. ಅವನು ಹೇಳಿದ್ದು ಖರೇ. ನಾನು ಅದನ್ನ ಮದಿವ್ಯಾಗ ಹೇಳೀನಿ, ಅಂಗಡ್ಯಾಗ ಗಿರಾಕಿಗಳಿಗೆ ಹೇಳೀನಿ. ಕೇಳಿದವರೆಲ್ಲಾ ಬಿದ್ದು ಬಿದ್ದು ನಕ್ಕಾರ.

ಅವನು ತಪ್ಪಾತು ಅಂತ ಅವತ್ತೂ ಅನ್ನಲಿಲ್ಲ. ಹೆಗಲ ಮ್ಯಾಲಿನ ಟವಲ್ಲು ತಗದು ಕಟ್ಟಿ ಮ್ಯಾಲಿನ ಹಿಟ್ಟು ಝಾಡಿಸಿ ನನಗ ಜಾಗ ಮಾಡಿದ. ಚಾ ತರಿಸಿದ. ನಾನು ಒಳಗ ಹೋಗಿ ತೌಡಿನವ್ವನ ಕಾಲು ಮುಟ್ಟಿದ್ರ ಆಕಿ ನನ್ನ ಮುಖ ಸವರಿ, "ಅವನ್ನೂ ಕರಿ" ಅಂದ್ಳು. ಅಷ್ಟ ಅಂದ್ಳು. ನಾನು ಕರದೆ, ಅವನು ಹೋದ, ನಾನು ಹೊರಗ ನಿಂತೆ. ಒಳಗ ಏನು ಮಾತಾಡಿದ್ರೋ ಕೇಳಬೇಕಂತ ಭಾಳ ಅನಸ್ತು, ಕೇಳಲಿಲ್ಲ. ಅವನು ಹೊರಗ ಬಂದಾಗ ಕಣ್ಣಿನ ಸುತ್ತ ಹಿಟ್ಟು ತೊಯ್ದು ಕಣಕ ಆಗಿತ್ತು.

"ಬಸ್ಸು ಬರೋ ಹೊತ್ತಾತು, ನಡಿ ತಮ್ಮಾ" ಅಂದ.

ತಮ್ಮ ಅಂತ ಅವನ ಬಾಯಾಗ ನಾನು ಕೇಳಿದ್ದು ಅದ ಮೊದಲು.

ಮನಿಗೆ ಬಂದು ಮಗಳಿಗೆ ಹೇಳಿದೆ. "ಆಕಿ ನಕ್ಳು ಅನ್ನೂದನ್ನ ಮೊದಲು ತಲ್ಯಾಗಿಂದ ತಗದು ಹಾಕು. ಹೋಗು, ಮಾಡಿದ್ದನ್ನ ಮಾಡೀನಿ ಅಂತ ಹೇಳು. ಮತ್ತ ಅಲ್ಲಿ ಅಳಬ್ಯಾಡ. ನೀನು ಅತ್ರ, ಪಾಪ, ಆಕಿ ನಿನ್ನ ಸಮಾಧಾನ ಮಾಡಬೇಕಾಗತೈತಿ. ಆ ಸಿನಿಮಾದವನ ಹಂಗ ದೋಣಿ ತುಂಬ ಕಣ್ಣೀರು ಹಾಕಬ್ಯಾಡ."

"ನೀನೂ ಬರ್ತೀಯಾ?"

"ಬಾಗಲತನಾ ಬರ್ತೀನಿ."

ಬಾಗಲತನಾ ಅಂದವನು ಒಳಗನ ಹೋಗಿ ಕುಂತೆ. ಜಿನ್ನಿಂಗ್ ಮಿಲ್ಲಿನ ಹಿಂದಿನ ಓಣಿ, ಗಾಳ್ಯಾಗ ಹತ್ತಿ ಎಳಿ ಹಾರಾಡ್ತಿದ್ವು. ಹುಡುಗಿ ಪಡಸಾಲ್ಯಾಗ ಶೇಂಗಾ ಸುಲಿಕೊಂತ ಕುಂತಿತ್ತು. ನನ್ನ ಮಗಳನ್ನ ನೋಡಿ ತಲಿ ತಗ್ಗಿಸಿಬಿಡ್ತು. ಅವರವ್ವ ಚಾಪಿ ಹಾಸಿ, "ನೀವಾರ ಬುದ್ಧಿ ಹೇಳ್ರಿ ಅಣ್ಣಾ" ಅಂದ್ಳು. "ಏನಾಗೈತೋ ಗೊತ್ತಿಲ್ಲ, ಬರೇ ಕೈ ಸನ್ನಿ ಮಾಡ್ತಾಳ, ಬಾಯಿ ಬಿಡಂಗಿಲ್ಲ. ಊಟಕ್ಕ ಕರದ್ರೂ ಸನ್ನಿ. ಸಾಲಿಗೆ ಹೋಗವಾ ಅಂದ್ರ ತಲಿ ಅಳ್ಳಾಡಸ್ತಾಳ. ಅವರಪ್ಪ, ಹೋಗದಿದ್ರ ಬಿಡ್ಲಿ, ಮಿಲ್ಲಿಗೆ ಬರ್ಲಿ ಅಂತಾನ."

ಸಾಲಿ ಬಿಟ್ಟದ್ದು ಗೊತ್ತಿತ್ತು, ಮಾತ ಬಿಟ್ಟದ್ದು ಗೊತ್ತಿರಲಿಲ್ಲ.

ನನ್ನ ಮಗಳು ಚಾಪಿ ಮ್ಯಾಲ ಕುಂದ್ರಲಿಲ್ಲ. ನಿಂತ ಹೇಳಿದ್ಳು. "ನಿನ್ನ ದನಿ ಕದ್ದು ರೆಕಾರ್ಡು ಮಾಡಿದಾಕಿ ನಾನು. ಎಮ್ಮಿ ಬರದಾಕೀನೂ ನಾನ. ಗ್ರೂಪಿಗೆ ಬಿಟ್ಟಾಕೀನೂ ನಾನ. ತಪ್ಪು ಮಾಡೀನಿ. ಎಲ್ಲಾ ಕಡೆ ಅಳಿಸ್ರಿ ಅಂತ ಎಲ್ಲಾರಿಗೂ ಹೇಳೀನಿ, ಕೆಲವರು ಅಳಿಸಿಲ್ಲ. ನನ್ನ ಕಡೆ ಇರೋದನ್ನ ನಿನ್ನ ಮುಂದನ ಅಳಸ್ತೀನಿ." ಕಡೀಕ ದನಿ ನಡುಗಿತು. ಅಳಲಿಲ್ಲ ಮಾತ್ರ. ಆ ಹೊತ್ತಿಗೆ ನನ್ನ ಮಗಳ ಮ್ಯಾಲ ನನಗ ಸಿಟ್ಟೂ ಇತ್ತು, ಅಭಿಮಾನನೂ ಇತ್ತು, ಎರಡೂ ಸುಳ್ಳಲ್ಲ.

ಹುಡುಗಿ ಶೇಂಗಾ ಸುಲಿಯೂದು ಬಿಡಲಿಲ್ಲ. ಸಿಪ್ಪಿ ಒಂದು ಕಡೆ, ಕಾಳು ಒಂದು ಕಡೆ. ಅವರವ್ವ ಏನೋ ಅನ್ನಾಕ ಹೋದ್ಳು, ನಾನು ಕೈ ಅಡ್ಡ ಹಿಡದೆ.

"ಅಳಸಬ್ಯಾಡ."

ದಪ್ಪ ದನಿ. ಮೊಬೈಲಿನಾಗ ಕೇಳಿದ್ದಕಿಂತ ದಪ್ಪ. ಪಡಸಾಲಿ ಮೂಲ್ಯಾಗ ಇಟ್ಟ ತಗಡಿನ ಡಬ್ಬಿ ಸೈತ ಓಗೊಟ್ಟಂಗಾತು. ಅವರವ್ವ ಗ್ವಾಡಿ ಹಿಡದು ಕೆಳಗ ಕುಂತುಬಿಟ್ಳು.

"ಎಮ್ಮಿ ತಗಿ" ಅಂದ್ಳು ಹುಡುಗಿ. "ದನಿ ಇರ್ಲಿ. ಎಮ್ಮಿ ಇದ್ದಲ್ಲಿ ನನ್ನ ಮುಖ ಬರಿ. ಬರದು ಗ್ರೂಪಿಗೆ ಹಾಕು."

ನನ್ನ ಮಗಳು ಬಾಯಿ ತಗದು ನಿಂತಿದ್ಳು. "ಏ, ಕುಂದ್ರು, ಬರಿ" ಅಂತ ನಾನ ಗದರಿಸಬೇಕಾತು. ಆಕಿ ಎದುರಿಗೆ ಕುಂತು ಮೊಬೈಲು ತಗದ್ಳು. ಹುಡುಗಿ ಮೊದಲು ತಲಿಗೂದಲು ಸರಿ ಮಾಡಿಕೊಂಡ್ಳು, ಬೆನ್ನು ನೆಟ್ಟಗ ಮಾಡಿದ್ಳು. ಉಸಿರು ಒಳಗ ಎಳಕೊಂಡ್ಳು, ನನ್ನ ಗಿರಾಕಿಗಳಂಗನ. ಸ್ವಲ್ಪ ಹೊತ್ತಿಗೆ ಬಿಟ್ಳು.

ಸುಮ್ಮ ಕುಂದ್ರಬೇಕಲ್ಲ, ಆಕಿ ಕಣ್ಣು ನನ್ನ ಮುಖದ ಮ್ಯಾಲ ಬಂತು.

"ಮಾಮಾ, ನಿಮ್ಮ ಮೂಗಿಗೆ ತೂತು ಯಾಕೈತಿ?"

ನನ್ನ ಬಾಯಿಗೆ ಅಭ್ಯಾಸದ ಮಾತ ಬಂತು. ಅಯ್ಯೋ, ನಾನು ತೌಡಿಗೆ ಸಿಕ್ಕ ಮಾಲವಾ, ಅಂತ ಶುರು ಮಾಡಿದ್ರ ಮನಿ ಮಂದಿಯೆಲ್ಲಾ ನಗ್ತಿದ್ರು. ಬಾಯಿ ಮುಚ್ಚಿ, ಮತ್ತ ತಗದು, ಇದ್ದದ್ದು ಇದ್ದಂಗ ಹೇಳಿದೆ. ಮೊರ, ತಿಪ್ಪಿ, ಇಬ್ಬರು ಅವ್ವಂದಿರು, ರಿಂಗು, ರಕ್ತ. ನಗಸಲಾರದ ಹೇಳಿದ್ರ ಆ ಕಥಿ ಇಷ್ಟು ಸಣ್ಣದು ಅಂತ ನನಗ ಆವಾಗ ತಿಳೀತು.

"ಭಾಳ ನೋಯ್ತೇನು?" ಅಂದ್ಳು.

"ಭಾಳ ನೋಯ್ತವಾ." ಇದನ್ನ ನಾನು ಮೊದಲ ಸಲ ಒಬ್ಬರ ಮುಂದ ಅಂದದ್ದು.

"ಅತ್ರಿ?"

"ಇಲ್ಲ. ನಕ್ಕೆ."

ಆಕಿ ಒಂದು ಶೇಂಗಾ ಒಡದ್ಳು. "ನಾನೂ ಮೊದಲ ದಿನ ನಕ್ಕಿದ್ದೆ" ಅಂದ್ಳು.

ಮೊಬೈಲಿನ ಮ್ಯಾಲ ನನ್ನ ಮಗಳ ಬೆರಳು ನಿಂತುಬಿಡ್ತು. ತಲಿ ಎತ್ತಿ ಹುಡುಗಿ ಮುಖ ನೋಡಾಕ ಆಕಿಗೆ ಹೊತ್ತು ಹಿಡೀತು. ನೋಡಿದ್ಳು.

"ನಾಳೆ ಸಾಲಿಗೆ ಬರ್ತೀಯಾ?"

"ಬರ್ತೀನಿ. ನಿನ್ನ ಬಾಜೂಕ ಕುಂದ್ರಂಗಿಲ್ಲ."

"ಹೂಂ" ಅಂದ್ಳು ನನ್ನ ಮಗಳು.

"ಹುಬ್ಬು ಸರಿ ಬರಿ" ಅಂದ್ಳು ಹುಡುಗಿ, ಆ ದಪ್ಪ ದನೀಲೆ, ಓಣಿಗೆ ಕೇಳುವಂಗ.